ಹುಸೇನ್‌ಬಿಯ ಹೆಬ್ಬೆರಳು

ಕಪ್ಪು ಹಲಗೆಯ ಮೇಲರ್ಧವನ್ನು ನಾನು ನಾಲ್ಕು ತಿಂಗಳು ಮುಟ್ಟಲೇ ಇಲ್ಲ. ಕುಳ್ಳ ಹುಡುಗಿಯರಿಗೆ ಅನುಕೂಲವಾಗಲೆಂದು ಕೆಳಗೆ ಬರೆಯುತ್ತೇನೆ ಎಂದು ತರಗತಿಯಲ್ಲಿ ಹೇಳಿದ್ದೆ. ಅದು ಶುದ್ಧ ಸುಳ್ಳು. ಬಲಗೈ ಕಿವಿಯ ಮಟ್ಟ ದಾಟಿದರೆ ಹೆಗಲಿನಿಂದ ಹೆಬ್ಬೆರಳಿನವರೆಗೆ ಉರಿ ಇಳಿಯುತ್ತಿತ್ತು. ಸೀಮೆಸುಣ್ಣ ತಾನಾಗಿ ಜಾರುತ್ತಿತ್ತು.

ಆಗ, ಐವತ್ತರ ದಶಕದ ಕೊನೆಯಲ್ಲಿ, ದಾವಣಗೆರೆಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಹಂಗಾಮಿ ಶಿಕ್ಷಕಿ. ತಿಂಗಳ ಕೊನೆಗೆ ಇನ್‌ಸ್ಪೆಕ್ಟರ್ ಸಾಹೇಬರು ಬಂದು ನನ್ನ ಪಾಠ ನೋಡಿ, ಖಾಯಂ ಮಾಡಬೇಕೋ ಮನೆಗೆ ಕಳಿಸಬೇಕೋ ಬರೆಯುವವರಿದ್ದರು. ಕೈ ಎತ್ತಲಾರದ ಶಿಕ್ಷಕಿಯನ್ನು ಯಾರು ಇಟ್ಟುಕೊಳ್ಳುತ್ತಾರೆ?

ನಿಮಗೂ ಹಳೆಯ ನೋವೊಂದಿದ್ದರೆ ಗೊತ್ತಿರುತ್ತದೆ, ಅದಕ್ಕೆ ಹೆಸರಿಡಲು ಜನರ ಕೊರತೆಯಿಲ್ಲ. ಪಂಡಿತರು ವಾತ ಎಂದರು, ಡಾಕ್ಟರು ನರ ಎಂದರು, ನಮ್ಮ ಯಜಮಾನರು ಬರೀ ಯೋಚನೆ ಎಂದರು. ಎಲ್ಲರೂ ನೋಡಿದ್ದು ಕೈಯನ್ನೇ. ನಾನೂ ಕೈಗೇ ಎಣ್ಣೆ, ಕೈಗೇ ಶಾಖ ಕೊಟ್ಟೆ. ತಮಾಷೆಯೆಂದರೆ ಆರೋಗ್ಯಶಾಸ್ತ್ರ ಕಲಿಸುತ್ತಿದ್ದವಳು ನಾನೇ. ಚರ್ಮ ಸುಲಿದ ಮನುಷ್ಯನ ಕೆಂಪು ಚಿತ್ರಪಟಕ್ಕೆ ಕೋಲು ತಾಗಿಸಿ, ಸ್ನಾಯುಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆಂದು ವರ್ಷವರ್ಷವೂ ತೋರಿಸುತ್ತಿದ್ದೆ. ಆ ಮನುಷ್ಯನಿಗೂ ನನಗೂ ಏನಾದರೂ ಸಂಬಂಧವಿದೆಯೆಂದು ಹೊಳೆದಿರಲಿಲ್ಲ.

ಹುಸೇನ್‌ಬಿ ಸಿಕ್ಕಿದ್ದು ಹರಿಹರದಲ್ಲಿ, ಅಕ್ಕನ ಬಾಣಂತನದ ಮನೆಯಲ್ಲಿ. ಹೆರಿಗೆ ಮಾಡಿಸುವುದು, ಬಾಣಂತಿಗೆ ಎಣ್ಣೆ ತಿಕ್ಕುವುದು ಆ ಮುದುಕಿಯ ಕಸುಬು. ತೊಟ್ಟಿಲ ಹಗ್ಗದೊಂದಿಗೆ ನಾನು ಎಡಗೈಯೊಂದರಲ್ಲೇ ಹೆಣಗುತ್ತಿದ್ದುದನ್ನು ಕಂಡವಳೇ ನನ್ನನ್ನು ಗೋಡೆಗೆ ಮುಖಮಾಡಿ ನಿಲ್ಲಿಸಿ, ಬಲಹೆಗಲ ಮೂಳೆಯ ಹಿಂದೆ ಹೆಬ್ಬೆರಳು ಊರಿದಳು. ಒತ್ತಿದ್ದು ಬೆನ್ನನ್ನು, ಜುಮ್ಮೆಂದದ್ದು ನನ್ನ ಬೆರಳು.

“ನೋವು ಕೂಗೋದು ಅಲ್ಲಿ, ಕುಂತಿರೋದು ಇಲ್ಲಿ ಅಕ್ಕೋರೆ. ಗಂಟು ಐತೆ, ಕಡ್ಲೆಕಾಳಿನಷ್ಟು. ಪುಸ್ತಕದ ಚೀಲ ಇದೇ ಹೆಗಲಿಗೆ ಹಾಕ್ತೀರೇನು? ಬ್ಯಾಡ್ರಿ ಇನ್ನ. ವಾರಕ್ಕೆ ಮೂರು ಸಲ ಒತ್ತಬೇಕು. ಪೂರಾ ಹೋಗ್ತೈತೆ ಅಂತ ಹೇಳಂಗಿಲ್ಲ, ಹೇಳಿದಂಗೆ ಕೇಳ್ತೈತೆ.”

ಹಾಗೆ ಆಕೆ ರೈಲು ಹತ್ತಿ ದಾವಣಗೆರೆಗೆ ಬರತೊಡಗಿದಳು. ನಮ್ಮ ಊರಲ್ಲೂ ಆಕೆ ಹೆರಿಗೆ ಮಾಡಿಸಿದ್ದ ಮನೆಗಳಿದ್ದವು, ಗುರುತು ಹಿಡಿಯದವರಿರಲಿಲ್ಲ. ಗಂಟಿನ ಮೇಲೆ ಹೆಬ್ಬೆರಳಿಟ್ಟು ಅದು ಸೋಲುವವರೆಗೆ ಕಾಯುವಳು. ಆಮೇಲೆ ಬಿಸಿನೀರಿನ ಬಟ್ಟೆ, ಆಮೇಲೆ ಕೈಯನ್ನು ಮೆಲ್ಲಗೆ ಮೇಲಕ್ಕೆ. ಮೊದಲ ವಾರ ಕೈ ಹಣೆಯವರೆಗೆ ಬಂತು, ಎರಡನೆಯ ವಾರ ನೆತ್ತಿಯವರೆಗೆ.

ಅಷ್ಟರಲ್ಲಿ ಎದುರುಮನೆಯ ನೀಲಮ್ಮ ಸೆರಗಿನಲ್ಲಿ ಹುಣಸೆಕಾಯಿ ಕಟ್ಟಿಕೊಂಡು ಬಂದಳು. “ಎಷ್ಟು ತಿಂಗ್ಳಾತ್ರಿ?”

ಸೂಲಗಿತ್ತಿ ವಾರಕ್ಕೆ ಮೂರು ಸಲ ಬಂದು ಬಾಗಿಲು ಹಾಕಿಕೊಂಡರೆ ಬೀದಿಯವರು ಇನ್ನೇನು ತಿಳಿಯಬೇಕು! ಹೆಗಲು ನೋವೆಂದೆ. “ಹೌದ್ಹೌದು, ಮೂರು ತಿಂಗ್ಳು ತನ ಹೇಳಬಾರ್ದು ಬಿಡ್ರಿ” ಎಂದು ಕಾಯಿ ಇಟ್ಟು ಹೋದಳು. ನನಗೆ ಮದುವೆಯಾಗಿ ಆರು ವರ್ಷ, ಮಕ್ಕಳಿರಲಿಲ್ಲ. ಆ ಕಾಯಿ ಹಿಡಿದು ನಿಂತಾಗ ಕಣ್ಣು ತುಂಬಿದ್ದನ್ನು ಮುಚ್ಚಿಡುವುದಿಲ್ಲ. ಅದರ ಹಿಂದೆಯೇ ಹೆದರಿಕೆ ಬಂತು. ನೀಲಮ್ಮನ ಮಗಳು ನಮ್ಮ ಶಾಲೆಯವಳೇ. ಮುಖ್ಯೋಪಾಧ್ಯಾಯಿನಿ ಗಿರಿಜಮ್ಮನವರು ಹಿಂದಿನ ವರ್ಷವಷ್ಟೇ ಬಸುರಿಯಾದ ಹಂಗಾಮಿ ಶಿಕ್ಷಕಿಯೊಬ್ಬಳನ್ನು ಎರಡು ಸಾಲಿನ ಕಾಗದ ಕೊಟ್ಟು ಮನೆಗೆ ಕಳಿಸಿದ್ದರು.

ಹುಸೇನ್‌ಬಿಗೆ ಬರಬೇಡವೆಂದು ಹೇಳಿಕಳಿಸಿದೆ. ಗೋಡೆಗೂ ಬೆನ್ನಿಗೂ ನಡುವೆ ಬಟ್ಟೆಯ ಚೆಂಡಿಟ್ಟು ನಾನೇ ಒತ್ತಿಕೊಂಡೆ. ಚೆಂಡು ಜಾರಿ ಮಂಚದಡಿ ಓಡುವುದು, ಖಾಯಂ ಆಗಬೇಕಾದ ಶಿಕ್ಷಕಿ ಅದರ ಹಿಂದೆ ತೆವಳುವುದು. ನಾಲ್ಕೇ ದಿನದಲ್ಲಿ ಕೈ ಮತ್ತೆ ಕಿವಿಯ ಹತ್ತಿರ ನಿಂತಿತು. ಇನ್‌ಸ್ಪೆಕ್ಷನ್‌ಗೆ ಐದು ದಿನ ಉಳಿದಿತ್ತು. ಕೈ ಏಳದಿದ್ದರೆ ಕೆಲಸ ಹೋಗುವುದು ಖಂಡಿತ. ಗುಲ್ಲಿನಿಂದಾದರೆ ಹೋದರೂ ಹೋಗಬಹುದು, ಅಷ್ಟೆ. ಹುಸೇನ್‌ಬಿಯನ್ನು ಮತ್ತೆ ಕರೆಸಿದೆ.

ಇನ್‌ಸ್ಪೆಕ್ಷನ್ ದಿನ ಸಾಹೇಬರು ಹಿಂದಿನ ಬೆಂಚಿನಲ್ಲಿ ಕೂತರು, ಪಕ್ಕದಲ್ಲಿ ಗಿರಿಜಮ್ಮನವರು. ನಾನು ಹಲಗೆಯ ತುತ್ತತುದಿಗೆ ಕೈ ಎತ್ತಿ ಪಾಠದ ಹೆಸರು ಬರೆದೆ. ಹೆಗಲು ಚುರ್ರೆಂದಿತು, ಸೀಮೆಸುಣ್ಣ ಬೀಳಲಿಲ್ಲ.

ಸಾಹೇಬರು ಹೋದಮೇಲೆ ಗಿರಿಜಮ್ಮನವರು ನನ್ನನ್ನು ತಮ್ಮ ಕೋಣೆಗೆ ಕರೆದು ಬಾಗಿಲು ಹಾಕಿದರು.

“ಸಾಹೇಬ್ರು ಒಳ್ಳೇದೇ ಬರ್ದಾರೆ. ಅದಿರ್ಲಿ, ನಿಮ್ಮನಿಗೆ ಹುಸೇನ್‌ಬಿ ಬರ್ತಾಳಂತೆ?”

“ಹೆಗಲಿಗೆ ಬರ್ತಾಳ್ರಿ. ದೇವರಾಣೆ, ಬರೀ ಹೆಗಲಿಗೆ” ಎಂದೆ.

“ಗೊತ್ತಾತು ಬಿಡ್ರಿ, ಇಷ್ಟು ದಿನ ಕೈ ಎತ್ತಲಾರದಾಕಿ ಇವತ್ತು ಹಲಗಿ ತುದೀಗೆ ಬರ್ದಿದ್ದು ನೋಡಿದ್ನಲ್ಲ.” ಕಿಟಕಿಯತ್ತ ಒಮ್ಮೆ ನೋಡಿ ದನಿ ತಗ್ಗಿಸಿದರು. “ನನ್ನ ಕುತ್ತಿಗಿ ವರ್ಷಗಟ್ಲೆ ಹಿಡ್ಕಂಡೈತೆ. ಆಕಿನ್ನ ಕರಸಾಕ ಆಗಂಗಿಲ್ಲ. ಮದುವಿ ಆಗದಾಕಿ ಮನಿಗೆ ಸೂಲಗಿತ್ತಿ ಬಂದ್ರೆ ಊರು ಸುಮ್ಕಿರತೈತೇನು? ನಿಮ್ಮನಿಗೆ ಬಂದಾಗ ನಾನೂ ಬರ್ಲೇನ್ರಿ?”

ನಾನು ಅವರ ಕುರ್ಚಿಯ ಹಿಂದೆ ಹೋಗಿ ಕತ್ತಿನ ಬುಡದಲ್ಲಿ ತಡಕಿ, ಗಂಟು ಸಿಕ್ಕಲ್ಲಿ ಹೆಬ್ಬೆರಳು ಊರಿದೆ. ಇಡೀ ಶಾಲೆಯನ್ನು ನಡುಗಿಸುತ್ತಿದ್ದ ಗಿರಿಜಮ್ಮನವರು “ಅಯ್ಯವ್ವಾ!” ಎಂದು ಮೇಜು ಹಿಡಿದುಕೊಂಡರು.

“ಉಸಿರು ಬಿಡ್ರಿ” ಎಂದೆ. ಬಿಟ್ಟರು.

ಆಮೇಲೆ ಅವರ ಕೈಕೆಳಗೆ ಎಷ್ಟೋ ವರ್ಷ ಕೆಲಸ ಮಾಡಿದೆ. ಅವರು ಎಷ್ಟು ಗದರಿದರೂ, ಹೆದರುವುದು ಮಾತ್ರ ನನ್ನಿಂದ ಆಗಲಿಲ್ಲ.