ಉಸಿರು ಸಿಗದ ಗಡ್ಡೆ

ಕೋವಿಡ್ ಇಳಿದ ಮರುವರ್ಷ ನಾನು ಯಾದಗಿರಿಯಲ್ಲಿ ಸರ್ಜನ್ ಆಗಿದ್ದೆ. ಗೋಗಿ ಎಂಬ ಹಳ್ಳಿಯಿಂದ ದೇವಮ್ಮ ಎಂಬ ನಡುವಯಸ್ಸಿನ ಹೆಣ್ಣುಮಗಳು ಬಂದರು. ಶಹಾಪುರದ ಸುತ್ತಲಿನ ಗದ್ದೆಗಳಲ್ಲಿ ಭತ್ತ ನಾಟಿ ಮಾಡುವವರು. ಮಲದಲ್ಲಿ ರಕ್ತ ಹೋಗುವುದನ್ನು ಮೂಲವ್ಯಾಧಿ ಎಂದುಕೊಂಡು ತಿಂಗಳುಗಟ್ಟಲೆ ಬೇರಿನ ಕಷಾಯ ಕುಡಿದಿದ್ದರು. ಕ್ಯಾಮೆರಾ ಇರುವ ಕೊಳವೆಯಿಂದ ಕರುಳಿನೊಳಗೆ ನೋಡುವ ಕೊಲೊನೋಸ್ಕೋಪಿಯಲ್ಲಿ ಗಡ್ಡೆ ಕಂಡಿತು. ಬಯಾಪ್ಸಿ ಕ್ಯಾನ್ಸರ್ ಎಂದಿತು. ಸ್ಕ್ಯಾನಿನಲ್ಲಿ ಯಕೃತ್ತು, ಶ್ವಾಸಕೋಶ ಸ್ವಚ್ಛವಾಗಿದ್ದವು. ಗಡ್ಡೆಯಿದ್ದ ಭಾಗ ತೆಗೆದು ಕರುಳಿನ ತುದಿಗಳನ್ನು ಸೇರಿಸಿದೆ. ವಾರದೊಳಗೆ ಆಕೆ ವಾರ್ಡಿನಲ್ಲಿ ಓಡಾಡುತ್ತಿದ್ದರು.

ತೊಡಕು ಬಂದದ್ದು ತೆಗೆದ ಗಡ್ಡೆಯನ್ನು ಪರೀಕ್ಷಿಸಿದ ಪೆಥಾಲಜಿ ವರದಿಯಿಂದ. ಗಡ್ಡೆಯ ನಡುಭಾಗ ಸತ್ತುಹೋಗಿತ್ತು. ಅಂಚಿನ ಜೀವಕೋಶಗಳು ರಕ್ತನಾಳಕ್ಕೆ ನುಗ್ಗಿದ್ದವು. ಹತ್ತಿರದ ದುಗ್ಧಗ್ರಂಥಿಗಳಲ್ಲೂ ಕ್ಯಾನ್ಸರ್ ಇತ್ತು. ದಂಪತಿಯನ್ನು ಹೊರರೋಗಿಗಳನ್ನು ನೋಡುವ ಓಪಿಡಿಗೆ ಕರೆಸಿ, ಕಲಬುರಗಿಗೆ ಹೋಗಿ ಕೀಮೋಥೆರಪಿ ತೆಗೆದುಕೊಳ್ಳಬೇಕು ಎಂದೆ.

ಗಂಡ ಶರಣಪ್ಪ ಎದ್ದು ನಿಂತರು. “ಗಡ್ಡಿ ತೆಗದೀರಿ, ಆಕಿ ಆರಾಮ ಅದಾಳ. ಮತ್ಯಾಕ್ರಿ ಔಷಧ? ಕೂದಲ ಉದುರಿಸಾಕೇನು?”

“ಗಡ್ಡಿ ಒಳಗ ಆಕ್ಸಿಜನ್ ಕಡಿಮಿ ಇತ್ತು. ಅಂಥವು ಹರಡೋದು ಜಾಸ್ತಿ,” ಎಂದೆ.

“ಹಂಗಾದ್ರ ಸಿಲಿಂಡರ್ ಹಚ್ರಲ್ಲ! ಕೋವಿಡ್‌ನ್ಯಾಗ ನಮ್ಮಣ್ಣ ಅದರಿಂದಾನ ಉಳದಾನ.”

ನಾನು ನಗಲಿಲ್ಲ. ದೇವಮ್ಮನ ಬೆರಳಿಗೆ ಆಕ್ಸಿಮೀಟರ್ ಹಾಕಿದೆ, ತೊಂಬತ್ತೆಂಟು ತೋರಿಸಿತು. ಮೈಯಲ್ಲಿ ಆಕ್ಸಿಜನ್ ಬೇಕಾದಷ್ಟಿದೆ, ಆದರೆ ಗಡ್ಡೆ ಬೆಳೆಯುವ ವೇಗಕ್ಕೆ ಅದರೊಳಗೆ ರಕ್ತನಾಳಗಳು ಬೆಳೆಯುವುದಿಲ್ಲ, ಕಾಲುವೆಯ ಕೊನೆ ಹೊಲಕ್ಕೆ ನೀರು ಮುಟ್ಟದ ಹಾಗೆ ಎಂದು ಹೇಳಿದೆ. ಈ ಕೊರತೆಗೆ ಹೈಪಾಕ್ಸಿಯಾ ಎಂದು ಹೆಸರು. ಅಲ್ಲಿ ಬಹಳಷ್ಟು ಜೀವಕೋಶಗಳು ಸಾಯುತ್ತವೆ. ಉಳಿದವು ಗುಣ ಬದಲಿಸಿ, ಒಂದಕ್ಕೊಂದು ಹಿಡಿದ ಪಟ್ಟು ಸಡಿಲಿಸಿ, ರಕ್ತದ ದಾರಿ ಹಿಡಿಯುತ್ತವೆ.

ದೇವಮ್ಮ ಕೇಳಿದರು: “ನೀರ ಸಿಗದವ್ರು ದುಡಿಯಾಕ ಊರ ಬಿಟ್ಟಂಗ. ಒಂದೋ ಎರಡೋ ಆಗಲೇ ಹೊಂಟಿರಬಹುದೇನ್ರಿ?”

“ಹೌದು. ಸ್ಕ್ಯಾನಿಗೂ ಕಾಣದಷ್ಟು ಸಣ್ಣವು. ಅವನ್ನ ಕೊಲ್ಲಾಕ ಕೀಮೋ. ಪೂರಾ ಖಾತ್ರಿ ಕೊಡಂಗಿಲ್ಲ, ಆದ್ರ ರೋಗ ತಿರುಗಿ ಬರೋದು ಕಡಿಮಿ ಆಗ್ತದ.”

ಆಕೆ ಗಂಡನ ಕಡೆ ತಿರುಗಿದರು. “ಕೂದಲ ನಂದು. ನಾ ಹೋಗಾಕಿ. ನೀ ಬರೋದಾದ್ರ ಬಾ.”

ಶರಣಪ್ಪ ಪ್ರತಿ ಸಲವೂ ಕಲಬುರಗಿಗೆ ಜೊತೆಯಲ್ಲಿ ಹೋದರು. ಕೂದಲು ಅಷ್ಟೇನೂ ಉದುರಲಿಲ್ಲ. ಕಾಡಿದ್ದು ವಾಂತಿ ಮತ್ತು ಬೆರಳುಗಳ ಜೋಮು. ರಕ್ತಕಣ ಇಳಿದು ಕೀಮೋದ ಒಂದು ಸುತ್ತನ್ನು ಮುಂದೂಡಬೇಕಾಯಿತು, ಆದರೂ ಆಕೆ ನಡುವೆ ಬಿಡಲಿಲ್ಲ. ಎರಡು ವರ್ಷದ ನಂತರದ ಸ್ಕ್ಯಾನಿನಲ್ಲೂ ಏನೂ ಸಿಗಲಿಲ್ಲ. ಅದನ್ನು ಹೇಳಲು ಫೋನ್ ಮಾಡಿದಾಗ ಆಕೆ ಗದ್ದೆಯಲ್ಲಿದ್ದರು. “ಕೈ ಕೆಸರಾಗ್ಯಾವ, ಜಲ್ದಿ ಹೇಳ್ರಿ,” ಎಂದರು.

ಕೀಮೋ ಬೇಕೆಂದು ದಂಪತಿಗೆ ಹೇಳಿದ ದಿನ ಓಪಿಡಿಯ ಸಾಲು ಬಾಗಿಲಾಚೆಗೂ ಬೆಳೆದಿತ್ತು. ಆದರೂ ಕೂತು ಕಾರಣ ಬಿಡಿಸಿ ಹೇಳಿದ ಆ ಅರ್ಧ ತಾಸನ್ನು ನಾನು ಆಪರೇಷನ್ನಿನಷ್ಟೇ ಮುಖ್ಯವಾದ ಚಿಕಿತ್ಸೆ ಎಂದು ನಂಬಿದ್ದೇನೆ.