ಎರಡು ಸಲ ಹಿಗ್ಗಿದ ಮಸೂರ

ಹೊಟ್ಟೆಕಿಚ್ಚು ಪಡಬಾರದೆಂದು ಹಿರಿಯರು ಹೇಳುತ್ತಾರೆ. ಹೇಳಲಿ, ಅವರ್‍ಯಾರೂ ನಮ್ಮ ಸಂಸ್ಥೆಯಲ್ಲಿ ಕೆಲಸ ಮಾಡಿದವರಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ಬೆಂಗಳೂರಿನಲ್ಲಿ ನಾವೊಂದು ಕ್ಯಾಮೆರಾ ಕಟ್ಟುತ್ತಿದ್ದೆವು. ನಕ್ಷತ್ರಗಳು ಹುಟ್ಟುವ ತಣ್ಣನೆಯ ಮೋಡಗಳಿಂದ ಬರುವ, ಮಿಲಿಮೀಟರಿಗಿಂತ ಚಿಕ್ಕ ಅಲೆಗಳನ್ನು ಹಿಡಿಯುವ ಕ್ಯಾಮೆರಾ. ಅದರ ಒಡಲು ಆ ಮೋಡಗಳಿಗಿಂತ ತಣ್ಣಗಿರಬೇಕು, ಇಲ್ಲದಿದ್ದರೆ ತನ್ನದೇ ಬಿಸಿಯಲ್ಲಿ ಅದಕ್ಕೆ ಬೇರೇನೂ ಕಾಣುವುದಿಲ್ಲ. ದ್ರವ ಹೀಲಿಯಂ ತುಂಬಿ ಆ ಥಂಡಿಯನ್ನು ಹಿಡಿದಿಡುವುದು ನನ್ನ ಕೆಲಸ. ಮಸೂರದ ಲೆಕ್ಕ ನನ್ನ ಸಹೋದ್ಯೋಗಿಯೊಬ್ಬನದು. ಎಲ್ಲವನ್ನೂ ಕೂಡಿಸಿ ಕೊನೆಯ ನಕ್ಷೆ ಬರೆದು ವರ್ಕ್‌ಶಾಪಿಗೆ ಕಳಿಸುವವಳು ಮತ್ತೆ ನಾನೇ. ನಾನು ಆಳಂದದವಳು, ಅವನು ಜೇವರ್ಗಿಯವನು, ನನಗಿಂತ ಚಿಕ್ಕವನು. ನೋಡಲು ಬಂದವರೆಲ್ಲ ಅವನ ಮೇಜಿನ ಬಳಿಯೇ ನಿಲ್ಲುತ್ತಿದ್ದರು. ಥಂಡಿಯನ್ನು ಯಾರು ನೋಡುತ್ತಾರೆ? ಕ್ಯಾಮೆರಾದ ಜೊತೆ ಹೊರದೇಶದ ಬೆಟ್ಟದ ಮೇಲಿನ ದೂರದರ್ಶಕಕ್ಕೆ ಇಬ್ಬರಲ್ಲಿ ಒಬ್ಬರನ್ನಷ್ಟೇ ಕಳಿಸುವುದೆಂದು ಮುಖ್ಯಸ್ಥರು ಹೇಳಿದ ಮೇಲಂತೂ ನಮ್ಮ ಮಾತುಕತೆಯೇ ನಿಂತಿತು. ಕಾಗದಗಳು ಮಾತ್ರ ಆ ಮೇಜಿನಿಂದ ಈ ಮೇಜಿಗೆ ಬರುತ್ತಿದ್ದವು.

ಅಷ್ಟರಲ್ಲಿ ಅಫಜಲಪುರದಲ್ಲಿ ನನ್ನ ಸೋದರಮಾವನ ಮಗಳ ಮದುವೆ ಬಂತು. ವರ ಈ ಮಸೂರದವನ ಗೆಳೆಯನಂತೆ. ಊಟದ ಪಂಕ್ತಿಯಲ್ಲಿ ಇವನು ನನ್ನ ಎದುರಿಗೇ ಬಂದು ಕೂತ. ಹುಗ್ಗಿ ಬಡಿಸುತ್ತಿದ್ದ ಮಾವ ಅವನ ಕೆಲಸ ವಿಚಾರಿಸಿದರು.

“ಆಕಾಶದಾಗ ಚಿಕ್ಕಿ ಹುಟ್ಟೋದು ನೋಡೋ ಕಣ್ಣು ಮಾಡಾಕತ್ತೇನ್ರಿ.”

“ಭಾಳ ಛಲೋ! ಮತ್ತ ನೀ ಏನ್ ಮಾಡ್ತೀಬೇ?” ಎಂದು ನನ್ನ ಕಡೆ ತಿರುಗಿದರು.

“ಅದನ್ನ ಥಂಡ ಇಡ್ತೇನಿ.”

“ಫ್ರಿಜ್ ಅಂತ ಅನ್ನು!”

ಪಂಕ್ತಿಯೆಲ್ಲ ನಕ್ಕಿತು. ಅವನೂ ನಕ್ಕ. ನನ್ನ ಹೊಟ್ಟೆಯಲ್ಲಿ ಬೆಂಕಿ ಬಿತ್ತು.

“ಅಷ್ಟು ಥಂಡಿಗೆ ಅದು ಒಡ್ಯಂಗಿಲ್ಲೇನ್ರಿ?” ಎಂದು ಮಾವ ಅವನನ್ನೇ ಕೇಳಿದರು, ನನ್ನನ್ನಲ್ಲ.

“ಇಲ್ರಿ, ಪ್ಲಾಸ್ಟಿಕ್ ಮಸೂರ ಅದ. ಆದ್ರ ಕುಗ್ತದ. ಒಗದ್ರ ಕುಗ್ಗೋ ಕೋರಾ ಬಟ್ಟಿಗೆ ದರ್ಜಿ ಒಂದೀಟು ಜಾಸ್ತಿ ಬಿಟ್ಟು ಹೊಲೀತಾನಲ್ರಿ, ಹಂಗ ನಾನೂ ಮದ್ಲೇ ದೊಡ್ಡದು ಬರ್ದು ಕೊಟ್ಟೇನಿ.”

ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅವನು ಕೊಟ್ಟದ್ದು ಕುಗ್ಗಿದ ಮೇಲಿನ ಅಳತೆಯೆಂದು ತಿಳಿದು ನಾನೂ ಅದನ್ನು ಹಿಗ್ಗಿಸಿ ನಕ್ಷೆ ಬರೆದಿದ್ದೆ. ಆ ನಕ್ಷೆ ಆಗಲೇ ವರ್ಕ್‌ಶಾಪ್ ಸೇರಿತ್ತು. ಸುಮ್ಮನಿದ್ದರೆ ಕ್ಯಾಮೆರಾದ ಚಿತ್ರ ಮಸುಕು. ಬಾಯಿಬಿಟ್ಟರೆ ತಪ್ಪು ನನ್ನ ನಕ್ಷೆಯದು, ಬೆಟ್ಟ ಅವನದು. ಅವನ ನಗುಮುಖ ನೋಡಿ ಎಲೆಯನ್ನು ಪಕ್ಕಕ್ಕೆ ಸರಿಸಿದೆ.

“ಲೇ ತಮ್ಮಾ, ನಾನೂ ದೊಡ್ಡದು ಮಾಡೇನಲ್ಲೋ!”

ಅವನ ಮುಖ ಬಿಳಿಚಿಕೊಂಡಿತು. “ಒಂದ್ ಮಾತು ಕೇಳಬಾರ್ದಿತ್ತೇನ್ರೀ ಅಕ್ಕಾರ?”

“ನೀ ಒಂದ್ ಮಾತು ಹೇಳಬಾರ್ದಿತ್ತೇನು?”

ಊಟ ಅರ್ಧಕ್ಕೇ ಬಿಟ್ಟು ಇಬ್ಬರೂ ಟೆಲಿಫೋನ್ ಬೂತಿಗೆ ಓಡಿದೆವು. ಪುಣ್ಯಕ್ಕೆ ಮಸೂರ ಇನ್ನೂ ಕೆತ್ತಿರಲಿಲ್ಲ. ತಪ್ಪು ಯಾರದೆಂದು ಅವನು ಫೋನಿನಲ್ಲಿ ಮುಖ್ಯಸ್ಥರಿಗೆ ಹೇಳಲೇ ಇಲ್ಲ. ಅವನ ಆ ಒಳ್ಳೆಯತನ ಕಂಡು ನನಗೆ ಮತ್ತಷ್ಟು ಉರಿಯಿತು. ಮುಖ್ಯಸ್ಥರು ನಕ್ಷೆ ತೆಗೆದು ತಪ್ಪು ನನ್ನದೆಂದು ತಾವೇ ಕಂಡುಕೊಂಡರು. ಬೆಟ್ಟಕ್ಕೆ ಅವನೇ ಹೋದ.

ವಾಪಸ್ ಬಂದವನು ಮೊದಲ ಚಿತ್ರವನ್ನು ಗೋಡೆಗೆ ಅಂಟಿಸಿದ. ಎಲ್ಲರೂ ಅವನ ಬೆನ್ನು ತಟ್ಟಿದರು. ಅವರೆಲ್ಲ ಚಹಾಕ್ಕೆ ಹೋದ ಮೇಲೆ ನಾನು ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, ಎಲ್ಲಾದರೂ ಒಂದಿಷ್ಟು ಮಸುಕಿದೆಯೇ ಎಂದು ಹುಡುಕಿದೆ. ಎಲ್ಲೂ ಇರಲಿಲ್ಲ. ಅಲ್ಲೇ ನಿಂತು ಸಂಕಟಪಟ್ಟೆ. ಆ ಚಿತ್ರದ ಅರ್ಧ ನನ್ನದೂ ಹೌದೆನ್ನುವುದು ಮನೆಗೆ ಹೋಗುವ ಬಸ್ಸಿನಲ್ಲಿ ಕೂತ ಮೇಲೆ ನೆನಪಾಯಿತು.