ಐಸ್ ನೀರು ಮತ್ತು ಚಿಕ್ಕಪ್ಪನ ಪ್ರಾರ್ಥನೆ

ನಮ್ಮ ಚಿಕ್ಕಪ್ಪ ನಾಟಕದಲ್ಲಿ ಕಳ್ಳ, ಕುಡುಕ, ಜಿಪುಣ ಇಂಥ ಪಾತ್ರಗಳಲ್ಲೇ ಕೂದಲು ಹಣ್ಣು ಮಾಡಿಕೊಂಡವರು. ಕಂಪನಿ ಮುಚ್ಚಿದ ಮೇಲೆ ಮನೆಯಲ್ಲಿ ಕೂತು ಚಿಕ್ಕಮ್ಮನ ತಲೆ ತಿನ್ನುತ್ತಿದ್ದರು. ಅಷ್ಟರಲ್ಲಿ ವಿಶ್ವವಿದ್ಯಾಲಯದಿಂದ ಕರೆ ಬಂತು, ಸಾಧುವಿನ ಪಾತ್ರಕ್ಕೆ ಜನ ಬೇಕಂತೆ. ಚಿಕ್ಕಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು.

ಪಾತ್ರ ರಂಗದ ಮೇಲಲ್ಲ, ಪ್ರಯೋಗಶಾಲೆಯಲ್ಲಿ. ಧರ್ಮದ ಅಧ್ಯಯನ ಮಾಡುವ ವಿಭಾಗದವರು ಗ್ರಂಥಗಳನ್ನು ಪಕ್ಕಕ್ಕಿಟ್ಟು, ಪುಟ್ಟ ಕೋಣೆಯೊಂದರಲ್ಲಿ ಐಸ್ ನೀರಿನ ಬಕೆಟ್ ಇಟ್ಟುಕೊಂಡಿದ್ದರು. ಬಂದವರು ಅದರಲ್ಲಿ ಕೈ ಅದ್ದಿ, ತಡೆಯುವಷ್ಟು ಹೊತ್ತು ಕೂರಬೇಕು. ಎದುರಿಗೆ ಬಿಳಿ ನಿಲುವಂಗಿ ತೊಟ್ಟ ಚಿಕ್ಕಪ್ಪ, ಬರೆದುಕೊಟ್ಟ ಪ್ರಾರ್ಥನೆಯನ್ನು ಎಲ್ಲರಿಗೂ ಒಂದೇ ದನಿಯಲ್ಲಿ ಹೇಳಬೇಕು. ಇವರು ಪ್ರಾರ್ಥನೆಯಿಂದ ನೋವು ಇಳಿಸುವ ಸಾಧು ಎಂದು ಅರ್ಧ ಜನರಿಗೆ ಹೇಳಿರುತ್ತಿದ್ದರು, ಉಳಿದರ್ಧಕ್ಕೆ ಬರೀ ನಟ ಎಂದು. ನಂಬಿದವರು ಹೆಚ್ಚು ಹೊತ್ತು ನೋವು ತಡೆಯುತ್ತಾರೆಯೇ ಎಂಬುದು ಪ್ರಶ್ನೆ. ಮುಗಿದ ಮೇಲೆ ಪಕ್ಕದ ಕೋಣೆಯಲ್ಲಿ, ಪ್ರಯೋಗ ನಡೆಸುವ ಪ್ರೊಫೆಸರ್ ಮೇಡಂ ನಿಜ ಹೇಳಿ ಕಳಿಸುತ್ತಿದ್ದರು. ಓದಿದವರಿಗೆ ಮಾಡಲು ಬೇರೆ ಕೆಲಸವಿಲ್ಲವೇ ಎಂದು ನಾನು ಗೊಣಗುತ್ತಿದ್ದೆ.

ಒಂದು ದಿನ ಬಂದ ಹೆಂಗಸು ಅವರನ್ನು ಸಾಧು ಎಂದೇ ನಂಬಿ, ಬೆರಳು ಕೆಂಪಾಗುವವರೆಗೂ ಕೈ ತೆಗೆಯಲಿಲ್ಲ. ಆಕೆ ಪಕ್ಕದ ಕೋಣೆಗೆ ಹೋಗಿಬರುವ ಹೊತ್ತಿಗೆ ಚಿಕ್ಕಪ್ಪ ನಿಲುವಂಗಿ ಕಳಚುತ್ತಿದ್ದರು. ಆಕೆ ಬೈಯಲಿಲ್ಲ.

"ನೀವು ನಟ ಅಂತ ಈಗ ಹೇಳಿದ್ರು. ಆದ್ರೆ ಅಷ್ಟರಲ್ಲಿ ನಾನು ಮಗಳಿಗೆ ಫೋನ್ ಮಾಡ್ಬಿಟ್ಟಿದ್ದೆ. ನಾಳೆ ಅವಳಿಗೆ ಆಪರೇಷನ್, ತುಂಬಾ ಹೆದರಿದಾಳೆ. ಸಾಧುಗಳನ್ನ ಕರ್ಕೊಂಡು ಬರ್ತೀನಿ ಅಂದಿದೀನಿ. ಅವಳಿಗೆ ನಿಜ ಗೊತ್ತಾಗೋದು ಬೇಡ."

ಮೇಡಂ ಒಪ್ಪಲಿಲ್ಲ. ಪ್ರಯೋಗಶಾಲೆಯ ಸುಳ್ಳು ಹೊಸಿಲು ದಾಟಬಾರದು, ಹೋಗುವುದಾದರೆ ನಿಜ ಹೇಳಲೇಬೇಕು ಎಂದರು. ಅದು ಸರಿಯೇ. ಆದರೆ ನಾಳೆ ಕತ್ತರಿಗೆ ಮೈಯೊಡ್ಡುವ ಹುಡುಗಿಯ ಧೈರ್ಯ ಕಿತ್ತುಕೊಳ್ಳುವುದು ಹೇಗೆ? ಚಿಕ್ಕಪ್ಪ ಏನೂ ತೋಚದೆ, ತಮ್ಮ ಮಾಮೂಲಿ ಅಂಗಿಯಲ್ಲೇ ಆಕೆಯ ಜೊತೆ ಆಸ್ಪತ್ರೆಗೆ ಹೋದರು.

ಹುಡುಗಿ ಕಣ್ಣರಳಿಸಿ ನೋಡಿ, ತಾಯಿಯನ್ನು ಬಿಸಿನೀರು ತರಲು ಕಳಿಸಿದಳು. ಬಾಗಿಲು ಮುಚ್ಚುತ್ತಲೇ ನಕ್ಕಳು.

"ನೀವು ನಮ್ಮ ಶಾಲೆಗೆ ಬಂದು ಕಳ್ಳನ ಪಾರ್ಟ್ ಮಾಡಿದ್ರಿ, ಅಲ್ವಾ? ಅಮ್ಮನಿಗೆ ಹೇಳ್ಬೇಡಿ. ಎಷ್ಟೋ ದಿನ ಆದ್ಮೇಲೆ ಇವತ್ತು ಅವಳ ದನೀಲಿ ಜೀವ ಬಂದಿತ್ತು."

ಅಮ್ಮನಿಗೂ ಗೊತ್ತು ಎಂಬ ಮಾತು ಚಿಕ್ಕಪ್ಪನ ನಾಲಿಗೆ ತುದಿಗೆ ಬಂತು. ಅಷ್ಟರಲ್ಲಿ ತಾಯಿ ಫ್ಲಾಸ್ಕ್ ಹಿಡಿದು ಬಂದರು. ಪ್ರಾರ್ಥನೆ ಮಾಡಿ ಎಂದು ಇಬ್ಬರೂ ಕೈ ಮುಗಿದರು, ಒಬ್ಬರಿಗಾಗಿ ಇನ್ನೊಬ್ಬರು.

ಚಿಕ್ಕಪ್ಪ ಕಣ್ಣು ಮುಚ್ಚಿದರು. ತಿಂಗಳುಗಟ್ಟಲೆ ಒಪ್ಪಿಸಿದ್ದ ಪ್ರಾರ್ಥನೆಯ ಒಂದು ಸಾಲೂ ನೆನಪಾಗಲಿಲ್ಲವಂತೆ. ದೇವರ ಗೊಡವೆಗೇ ಹೋಗದ ಮನುಷ್ಯ, "ಈ ಮಗು ಹುಷಾರಾಗ್ಲಪ್ಪಾ" ಎಂದಷ್ಟೇ ಅಂದರು. ಯಾರಿಗೆ ಹೇಳಿದಿರಿ ಎಂದು ಚಿಕ್ಕಮ್ಮ ಕೇಳಿದರೆ ಇವತ್ತಿಗೂ ಕಳ್ಳನ ಪಾತ್ರದ ಮಾತು ಒಪ್ಪಿಸಿ ಜಾರಿಕೊಳ್ಳುತ್ತಾರೆ.